ಅರ್ಧ ಮಗ್ಗು ಕೊನೆ ನೀರು

"ಇಲ್ಲಿ ಕೆಂಪು ದಾರ ಕಟ್ಟಿದ ಪುಣ್ಯಾತ್ಗಿತ್ತಿ ಯಾರು?"

ಕೇಳಿದ್ದು ಯಾರನ್ನೂ ಅಲ್ಲ. ಬಾಯ್ಲರ್ ಕೋಣೆಯ ಹಿಂದಿನ ಆ ಸಂದಿಯಲ್ಲಿ ಕೇಳಿಸಿಕೊಳ್ಳಲು ನರಪಿಳ್ಳೆಯೂ ಇರಲಿಲ್ಲ. ಗೋಡೆಯುದ್ದಕ್ಕೂ ಹಾದುಹೋದ ಬಿಸಿನೀರಿನ ಕೊಳವೆ ಟಕ್ ಟಕ್ಕೆಂದು ಸದ್ದು ಮಾಡಿತು, ಅಷ್ಟೆ. ಹಿಂದಿನ ಕಕ್ಕಸಿನ ಚಿಲಕಕ್ಕೆ ಯಾರೋ ಕೆಂಪು ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು. ಬಾಗಿಲ ಬುಡದಲ್ಲಿ ಒಂದು ಹಳೆಯ ಮಗ್ಗು, ಅದರ ಹಿಡಿಕೆಗೂ ಅದೇ ದಾರ.

ಆ ಕಾರ್ಖಾನೆಯಲ್ಲಿ ಕೆಂಪು ದಾರದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ಒಗೆಯುತ್ತಿದ್ದುದು ಆಸ್ಪತ್ರೆಗಳ ಬಟ್ಟೆ. ಹಾಸುಬಟ್ಟೆ, ಹೊದಿಕೆ, ದಿಂಬಿನ ಚೀಲ, ಆಪರೇಷನ್ನಿನವರ ಹಸಿರು ನಿಲುವಂಗಿ, ಎಲ್ಲವೂ ಗಂಟು ಕಟ್ಟಿಸಿಕೊಂಡು ವ್ಯಾನಿನಲ್ಲಿ ಬಂದು ಬೀಳುತ್ತಿದ್ದವು. ಬಿಳಿ ದಾರದ ಗಂಟು ಮಾಮೂಲಿನದು. ಕೆಂಪು ದಾರದ್ದು ಸೋಂಕಿನದು. ಅದನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೇರೆ ಬಟ್ಟೆಯ ಪಕ್ಕದಲ್ಲಿ ಇಡುವ ಹಾಗಿಲ್ಲ. ಅದಕ್ಕೆ ಬೇರೆ ಗಾಡಿ, ಬೇರೆ ಯಂತ್ರ, ಬೇರೆ ಮೂಲೆ.

ಈಗ ಆ ಮೂಲೆ ತನ್ನದಾಗಿದೆ ಎಂದು ಗೆರೆಗೆ ಅರ್ಥವಾಯಿತು.

ಗೆರೆ ಅವಳ ಅಡ್ಡಹೆಸರು. ಬಿಸಿ ಉರುಳೆಯ ಇಸ್ತ್ರಿ ಯಂತ್ರದಿಂದ ಹಾಸುಬಟ್ಟೆ ಹೊರಬರುತ್ತಿದ್ದಂತೆ ಅವಳು ಅಂಚು ಹಿಡಿದು ಮಡಿಸಿದರೆ, ಮಡಿಕೆಯ ಗೆರೆ ನೂಲು ಹಿಡಿದು ಎಳೆದ ಹಾಗೆ ಬೀಳುತ್ತಿತ್ತು. ಮಾತು ಕಡಿಮೆ, ಕಿವಿ ದೊಡ್ಡದು. ತಾಯಿ ತೀರಿಕೊಂಡ ಮೇಲೆ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಆ ಮನೆಯಲ್ಲಿ ಅಜ್ಜ ದಿನಾ ಬೆಳಗಾಗುವ ಮುಂಚೆ ಎದ್ದು ದೇವರ ಪದ್ಯ ಓದುತ್ತಿದ್ದರು. ಕಂಬಳಿಯೊಳಗೆ ಮುದುಡಿಕೊಂಡು ಕೇಳಿದ ಪದ್ಯಗಳು ಅವಳ ಮೈಗೆ ಹತ್ತಿಬಿಟ್ಟಿದ್ದವು. ಉರುಳೆ ತಿರುಗುವ ಲಯಕ್ಕೆ ಒಳಗೊಳಗೇ ಒಂದೊಂದು ಸಾಲನ್ನು ಹಾಸುತ್ತ ಹೋದರೆ ಪಾಳಿ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಪ್ರಾಯ ಮೂವತ್ತು ದಾಟಿತ್ತು. ಮದುವೆ ಆಗಿರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ.

ಕಾಯಿಲೆ ಶುರುವಾಗಿ ತಿಂಗಳಾಗುತ್ತ ಬಂದಿತ್ತು. ಮೊದಲು ತುರಿಕೆ, ಆಮೇಲೆ ಉರಿ. ಮೂತ್ರಕ್ಕೆ ಹೋದರೆ ಹಸಿಗಾಯಕ್ಕೆ ಮೆಣಸಿನ ಪುಡಿ ಎರಚಿದ ಹಾಗೆ. ಯಾರ ಮುಂದೆ ಹೇಳುವುದು? ಎದುರು ಬದುರಾಗಿ ನಿಂತು ಮಡಿಸುವ ಗುಬ್ಬಿಯ ಮುಂದೆ ಒಂದು ದಿನ ಬಾಯಿಬಿಟ್ಟಳು. ಗುಬ್ಬಿಗೆ ಗುಟ್ಟೆಂದರೆ ಬಾಯೊಳಗಿನ ಬಿಸಿ ತುತ್ತು. ನುಂಗಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒಬ್ಬಳ ಕಿವಿಗೆ ಉಗಿದಳು. ಊಟದ ಹೊತ್ತಿಗೆ ಇಡೀ ಮಡಿಸುವ ಕೋಣೆಗೆ ಗೊತ್ತಾಗಿತ್ತು.

"ಗಂಡ ಇಲ್ಲದೋಳಿಗೆ ಅಂಥ ಕಾಯಿಲೆ ಎಲ್ಲಿಂದ ಬಂತಂತೆ?" ಎಂದಳು ಒಬ್ಬಳು.

"ಎಲ್ಲಿಂದಾದ್ರೂ ಬರಲಿ, ನಾವು ಹೋಗೋ ಕಡೆನೇ ಅವಳೂ ಹೋಗ್ತಾಳಲ್ಲ, ಅದನ್ನ ಯೋಚನೆ ಮಾಡು," ಎಂದಳು ಇನ್ನೊಬ್ಬಳು.

ಹೆಂಗಸರಿಗೆ ಅಲ್ಲಿ ಎರಡು ಕಕ್ಕಸು. ಮಡಿಸುವ ಕೋಣೆಯ ಪಕ್ಕದ್ದಕ್ಕೆ ಕಿಟಕಿ, ನಲ್ಲಿ, ಒಂದು ತುಂಡು ಕನ್ನಡಿ ಎಲ್ಲ ಇತ್ತು. ಹಿಂದಿನದಕ್ಕೆ ದೀಪವಿಲ್ಲ, ಒಳಗಿನ ಅಗುಳಿ ನಿಲ್ಲುವುದಿಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೆಲಸ ಮುಗಿಸಬೇಕು. ಎರಡರಲ್ಲೂ ಕಮೋಡು. ಆ ಕಮೋಡಿನ ಸೀಟನ್ನು ಕಂಡರೆ ಇಡೀ ಕಾರ್ಖಾನೆಯ ಹೆಂಗಸರಿಗೆ ಹಾವು ಕಂಡ ಹಾಗೆ. ಅದರ ಮೇಲೆ ಕೂತರೆ ಇನ್ನೊಬ್ಬರ ರೋಗ ನಮ್ಮ ಮೈಗೆ ಎಂದು ಎಲ್ಲರೂ ನಂಬಿದ್ದರು. ಕೆಲವರು ಮುಟ್ಟದೆ ಮೊಣಕಾಲು ಬಗ್ಗಿಸಿ ಅರ್ಧಕ್ಕೇ ನಿಲ್ಲುತ್ತಿದ್ದರು. ಅದಕ್ಕೆ ಅವರು ಗಾಳಿ ಕುರ್ಚಿ ಎಂದು ಹೆಸರಿಟ್ಟಿದ್ದರು. ಕೆಲವರು ಸೀಟಿನ ಮೇಲೆ ಪಾದ ಊರಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಗುಬ್ಬಿ ಹಾಗೆ ಹತ್ತಿ ಕೂತಾಗ ಒಮ್ಮೆ ಸೀಟು ಲಟ್ಟೆಂದು ಮುರಿದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಆಗಿ, ಎಳೆದು ಬಿಡಿಸಲು ಇಬ್ಬರು ಬೇಕಾಗಿತ್ತು. ಯಾರೂ ಕೂರದ ಆ ಸೀಟು ಎಲ್ಲರ ಗಾಳಿ ಕುರ್ಚಿಯ ದೆಸೆಯಿಂದ ಯಾವಾಗಲೂ ಒದ್ದೆ. ಒದ್ದೆ ಕಂಡು ಭಯ, ಭಯಕ್ಕೆ ಇನ್ನಷ್ಟು ಒದ್ದೆ. ಈ ರಗಳೆಯೇ ಬೇಡವೆಂದು ಹೆಚ್ಚಿನವರು ಪಾಳಿ ಮುಗಿಯುವವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಇಷ್ಟರ ಮೇಲೆ ದೊಡ್ಡಮ್ಮನ ಮಗ್ಗು.

ದೊಡ್ಡಮ್ಮ ಒಗೆಯುವ ಕೋಣೆಯ ಹಿರಿಯಳು. ರಕ್ತಸಂಬಂಧದಲ್ಲಿ ಗೆರೆಗೆ ಮಾತ್ರ ದೊಡ್ಡಮ್ಮ. ಕರೆಯುವುದಕ್ಕೆ ಎಲ್ಲರಿಗೂ ದೊಡ್ಡಮ್ಮ. ತೊಳೆದ ಹಾಸುಬಟ್ಟೆಗಳನ್ನು ಕಟ್ಟಕಡೆಗೆ ಅದ್ದಿ ತೆಗೆಯುವ ಒಂದು ನೀಲಿ ಡ್ರಮ್ಮು ಅವಳ ಸುಪರ್ದಿನಲ್ಲಿತ್ತು. ಕ್ರಿಮಿ ಸಾಯಿಸುವ ಮದ್ದು ಬೆರೆಸಿದ ಆ ನೀರಿಗೆ ಕೊನೆ ನೀರು ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ದೊಡ್ಡಮ್ಮ ಅದರಿಂದ ಒಂದು ಬಕೆಟ್ಟು ತುಂಬಿಸಿ ಮುಂದಿನ ಕಕ್ಕಸಿನಲ್ಲಿಡುತ್ತಿದ್ದಳು. ಪ್ರತಿಯೊಬ್ಬಳೂ ಹೋದಾಗಲೆಲ್ಲ ಅರ್ಧ ಮಗ್ಗು ಕೊನೆ ನೀರಿನಲ್ಲಿ ತೊಳೆದುಕೊಳ್ಳಬೇಕು. ಹೊಸದಾಗಿ ಸೇರಿದ ಹುಡುಗಿಯ ಕೈಗೆ ಮೊದಲ ಮಗ್ಗನ್ನು ದೊಡ್ಡಮ್ಮನೇ ತಾಯಿಯ ಹಾಗೆ ಕೊಡುತ್ತಿದ್ದಳು.

"ಕೀವು, ರಕ್ತ ಅಂಟಿಕೊಂಡು ಬಂದ ಬಟ್ಟೆನೇ ಈ ನೀರಲ್ಲಿ ಮುಳುಗಿ ಎದ್ರೆ ಹಾಲಿನ ಹಾಗಾಗತ್ತೆ. ನಾವೇನು ಬಟ್ಟೆಗಿಂತ ಕಡೆಯಾ? ಸ್ವಲ್ಪ ಉರಿಯತ್ತೆ. ಉರಿದ್ರೆ ಒಳ್ಳೇದು, ಹುಳ ಸಾಯ್ತಿದೆ ಅಂತ ಲೆಕ್ಕ."

ಬಟ್ಟೆ ಬೆಳ್ಳಗಾಗುವುದನ್ನು ದಿನಬೆಳಗಾದರೆ ಕಣ್ಣಾರೆ ಕಾಣುವವರು ಆ ಮಾತನ್ನು ನಂಬದೆ ಇನ್ನೇನು ಮಾಡುತ್ತಾರೆ?

ದಾರ ಕಂಡ ಆ ದಿನ ಗೆರೆ ಹಿಂದಿನ ಸಂದಿಯಿಂದ ಬಂದು ಉರುಳೆಯ ಮುಂದೆ ನಿಂತಳು. ಬೆಚ್ಚಗಿನ ಹಾಸುಬಟ್ಟೆ ಹೊರಗೆ ಬಂತು. ಅಂಚು ಹಿಡಿದು ಎದುರಿಗೆ ಚಾಚಿದಳು. ಗುಬ್ಬಿಯ ಕೈ ಮುಂದೆ ಬರಲಿಲ್ಲ.

"ಹಿಡ್ಕೊಳ್ಳೇ."

"ಸೊಂಟ ನೋವು ಕಣೆ. ಇವತ್ತು ದಿಂಬಿನ ಚೀಲ ಮಡಿಸ್ತೀನಿ."

"ಸೊಂಟ ನಿನ್ನೆ ಚೆನ್ನಾಗಿತ್ತಲ್ಲ?"

ಗುಬ್ಬಿ ಕಣ್ಣು ತಪ್ಪಿಸಿದಳು. ಹಾಸುಬಟ್ಟೆಯನ್ನು ಒಬ್ಬರೇ ಮಡಿಸಲು ಆಗುವುದಿಲ್ಲವೆಂದೇನೂ ಅಲ್ಲ. ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು, ಇನ್ನೊಂದಕ್ಕೆ ಮೈಯೆಲ್ಲ ಚಾಚಿ ಎಳೆದರೆ ಆಗುತ್ತದೆ. ಆದರೆ ಗೆರೆ ಸೊಟ್ಟಗೆ ಬೀಳುತ್ತದೆ. ಅಂದೆಲ್ಲ ಸೊಟ್ಟ ಗೆರೆ ಮಡಿಸುತ್ತ ನಿಂತವಳಿಗೆ ಪದ್ಯದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಬಂದರೂ ಅದನ್ನು ಮನಸ್ಸಿನಲ್ಲಿ ಆಡಿಕೊಳ್ಳಲು ಅಳುಕು. ಮೈ ಮೈಲಿಗೆಯಾಗಿರುವಾಗ ದೇವರ ಮಾತು ಹೇಗೆ ಆಡುವುದು?

ಊಟದ ಹೊತ್ತಿಗೆ ಗುಬ್ಬಿ ತಡೆಯಲಾರದೆ ಹತ್ತಿರ ಬಂದಳು. ಹತ್ತಿರವೆಂದರೆ ಎರಡು ಕುರ್ಚಿ ಬಿಟ್ಟು.

"ದಾರ ಕಟ್ಟಿದ್ದು ನಾವಲ್ಲ ಕಣೆ. ದೇವರಾಣೆಗೂ ನಾವಲ್ಲ. ನಿನ್ನ ದೊಡ್ಡಮ್ಮನೇ ಬೆಳಿಗ್ಗೆ ಬಂದು ಕಟ್ಟಿದ್ರು. 'ನಮ್ಮ ಹುಡುಗಿಗೆ ಸೀಟಿಂದ ಅಂಟಿದೆ, ಎಲ್ಲಾ ಹುಷಾರಾಗಿರಿ, ಅವಳು ಹಿಂದಿನದಕ್ಕೆ ಹೋಗ್ತಾಳೆ' ಅಂದ್ರು."

ಗೆರೆಯ ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸ್ಸು ಬಿತ್ತು.

ಸೂಪರ್‌ವೈಸರ್ ಕರೆಸಿದ್ದೂ ಅದೇ ಮಧ್ಯಾಹ್ನ. ಕಕ್ಕಸು ಎನ್ನುವ ಪದ ಬಾಯಿಗೆ ಬಾರದ ಮನುಷ್ಯ. ಮೇಜಿನ ಮೇಲಿನ ಸ್ಟೇಪ್ಲರನ್ನು ಆಚೆ ಇಟ್ಟ, ಈಚೆ ಇಟ್ಟ.

"ಅದು... ಆ ವಿಷಯ ಅಮ್ಮ. ಆ ಕಡೆಯದು ಇದೆಯಲ್ಲ, ಅದನ್ನೇ ಸ್ವಲ್ಪ ದಿನ... ನಿಮಗೆ ಗೊತ್ತಾಯ್ತಲ್ಲ?"

"ಯಾವ ಕಡೆಯದು ಸಾರ್?"

"ಅದೇ ಅಮ್ಮ. ಆ ಕಡೆಯದು."

"ಅದರ ಅಗುಳಿ ನಿಲ್ಲಲ್ಲ ಸಾರ್. ನೀವು ಬಂದು ಬಾಗಿಲು ಹಿಡ್ಕೊಂಡು ನಿಲ್ತೀರಾ?"

ಅವಳ ಬಾಯಿಂದ ಅಂಥ ಮಾತು ಬಂದೀತೆಂದು ಅವನಿಗಿರಲಿ, ಅವಳಿಗೇ ಗೊತ್ತಿರಲಿಲ್ಲ. ಸ್ಟೇಪ್ಲರ್ ಕೆಳಗೆ ಬಿತ್ತು. ಅವಳು ಅರ್ಧ ದಿನದ ರಜೆ ಕೇಳಿ, ಉತ್ತರಕ್ಕೆ ಕಾಯದೆ ಹೊರಟುಬಿಟ್ಟಳು.

ಡಾಕ್ಟರಮ್ಮನ ಕ್ಲಿನಿಕ್ಕು ಒಂದು ಬೀಗದ ಅಂಗಡಿಯ ಮೇಲಿತ್ತು. ಸಣ್ಣಗಿನ ಹೆಂಗಸು, ಮಾತು ಮಾತ್ರ ಕತ್ತರಿ. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಎದುರಿಗೆ ಕೂತರು.

"ಏನು ಹಾಕಿ ತೊಳ್ಕೋತೀಯಮ್ಮ?"

"ನೀರು ಮೇಡಂ."

"ಬರೀ ನೀರಿಗೆ ಚರ್ಮ ಹೀಗೆ ಸುಲಿಯಲ್ಲ. ಸರಿಯಾಗಿ ಹೇಳು."

ಗೆರೆ ಕೊನೆ ನೀರಿನ ವಿಷಯ ಹೇಳಿದಳು. ಅವಳು ಹೇಳುತ್ತ ಹೋದಂತೆ ಡಾಕ್ಟರಮ್ಮನ ಹುಬ್ಬು ನೆತ್ತಿಗೇರಿತು.

"ದಿನಾನಾ?"

"ಹೋದಾಗಲೆಲ್ಲ. ಎಲ್ಲರೂ."

"ಅಯ್ಯೋ ನಿಮ್ಮ! ಅದು ಹಾಸುಬಟ್ಟೆಗೆ ಕಣಮ್ಮ. ಬಟ್ಟೆ ಮೇಲೆ ಒಂದು ಜೀವಾಣುನೂ ಇರಬಾರದು, ಸರಿ. ಆದ್ರೆ ನಿನ್ನ ಮೈಯಲ್ಲಿ ಇರಲೇಬೇಕು. ಆ ಜಾಗದಲ್ಲಿ ಒಳ್ಳೇ ಜೀವಾಣು ಕಾವಲು ಕೂತಿರ್ತಾವೆ. ನೀನು ಮದ್ದು ಹೊಯ್ದು ಕಾವಲುಗಾರರನ್ನೆಲ್ಲ ಸಾಯಿಸಿ, ಕಳ್ಳರಿಗೆ ಬಾಗಿಲು ತೆಗೆದಿಟ್ಟಿದೀಯ. ನೀರು ಎಷ್ಟು ಕುಡೀತೀಯ?"

"ಕೆಲಸದ ಹೊತ್ತಲ್ಲಿ ಕುಡಿಯಲ್ಲ."

"ಯಾಕೆ? ವ್ರತನಾ?"

"ಹೋಗಬೇಕಾಗತ್ತೆ ಅಂತ. ಸೀಟಿಂದ ಅಂಟತ್ತೆ ಅಂತ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೇಳಿಲ್ಲಿ. ಸೀಟು ನಿನಗೆ ಏನೂ ಮಾಡಿಲ್ಲ. ನೀನು ಅದರ ಮೇಲೆ ಊರೋದು ತೊಡೆ. ತೊಡೆಯ ಚರ್ಮ ಗಟ್ಟಿ ಗೋಡೆ, ಒಳಗೆ ಸುಲಭಕ್ಕೆ ಏನನ್ನೂ ಬಿಡಲ್ಲ. ನೀವು ಹೆದರೋ ಆ ರೋಗಗಳ ಜೀವಾಣು ಒಣಗಿದ ಸೀಟಲ್ಲಿ ಹೆಚ್ಚು ಹೊತ್ತು ಬದುಕೋದೂ ಇಲ್ಲ. ಒದ್ದೆ ಇದ್ರೆ ಒರೆಸು, ಆರಾಮಾಗಿ ಕೂತ್ಕೋ, ಪೂರ್ತಿ ಮಾಡಿ ಏಳು. ಎದ್ದ ಮೇಲೆ ಕೈಗೆ ಸೋಪು ಹಾಕಿ ತೊಳಿ. ಅಲ್ಲಿಂದ ಹೊಟ್ಟೆಗೆ ಬರೋ ಕಾಯಿಲೆ ಬರೋದು ಚಿಲಕ, ನಲ್ಲಿ ಮುಟ್ಟಿದ ಕೈಯಿಂದ. ತೊಳ್ಕೊಳ್ಳೋಕೆ ಬರೀ ನೀರು, ಹೊರಗಡೆ ಮಾತ್ರ, ಮುಂದಿಂದ ಹಿಂದಕ್ಕೆ. ಆಮೇಲೆ ಒರೆಸಿ ಒಣಗಿಸ್ಕೋ. ಹತ್ತಿ ಬಟ್ಟೆ ಹಾಕು. ಇಷ್ಟೇ ಶಾಸ್ತ್ರ."

ಮಾತ್ರೆಗೂ ಮುಲಾಮಿಗೂ ಬರೆದುಕೊಟ್ಟರು. ಮೂತ್ರದ ಪರೀಕ್ಷೆಯಲ್ಲಿ ಸಣ್ಣ ಸೋಂಕು ಇತ್ತು. ನೀರು ಕುಡಿಯದೆ ತಡೆದು ತಡೆದು ಇಟ್ಟುಕೊಳ್ಳುವವರಿಗೆ ಬರುವಂಥದು, ಗುಣವಾಗುವಂಥದು. ಗೆರೆ ಎದ್ದಳು, ಮತ್ತೆ ಕೂತಳು.

"ಅಂದ್ರೆ ಮೇಡಂ, ನಾನು ಯಾರಿಗೂ ಅಂಟಿಸಿಲ್ಲ?"

"ಸೀಟಿಂದನಾ? ಇಲ್ಲ."

"ಅದನ್ನ ಒಂದು ಚೀಟೀಲಿ ಬರೆದು ಕೊಡ್ತೀರಾ?"

"ಚೀಟಿ ಯಾಕೆ? ನಿನಗೆ ಬಾಯಿಲ್ವಾ?"

ಸಂಜೆ ಮನೆಯಲ್ಲಿ ದೊಡ್ಡಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗೆರೆ ಎದುರಿಗೆ ಕೂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಕೇಳಿದ್ದನ್ನು ಹಾಗೇ ಹೇಳುವುದು ಅವಳಿಗೆ ಅಜ್ಜನ ಕಾಲದಿಂದ ರೂಢಿ. ದೊಡ್ಡಮ್ಮ ಒಂದೊಂದೇ ಎಲೆ ಕೀಳುತ್ತಲೇ ಇದ್ದಳು.

"ಆ ಡಾಕ್ಟರಮ್ಮ ಒಂದು ದಿನ ಬಂದು ನಮ್ಮ ಕೆಂಪು ಗಂಟು ಬಿಚ್ಚಲಿ. ಆಮೇಲೆ ಮಾತಾಡಲಿ."

"ದಾರ ಯಾಕೆ ಕಟ್ಟಿದೆ ದೊಡ್ಡಮ್ಮ?"

ಎಲೆ ಕೀಳುವ ಕೈ ನಿಂತಿತು. "ನಿನ್ನ ಮಾನ ಉಳಿಸೋಕೆ ಕಟ್ಟಿದೆ. ಆ ಹೆಂಗಸರು ಏನು ಮಾತಾಡ್ತಿದ್ರು ಗೊತ್ತಾ? ಸೀಟಿಂದ ಬಂತು ಅಂದ್ರೆ ಕಥೆ ಅಲ್ಲಿಗೆ ಮುಗೀತು. ಇಲ್ಲಾಂದ್ರೆ ಎಲ್ಲಿಂದ ಬಂತು, ಯಾರಿಂದ ಬಂತು ಅಂತ ಹುಡುಕ್ಕೊಂಡು ಹೊರಡ್ತಾರೆ. ನಾಲ್ಕು ದಿನ ಹಿಂದಿನದಕ್ಕೆ ಹೋದ್ರೆ ಸವೆದು ಹೋಗ್ತೀಯಾ?"

"ನಾನು ಗಂಟಲ್ಲ ದೊಡ್ಡಮ್ಮ, ದಾರ ಕಟ್ಟೋಕೆ."

"ದೊಡ್ಡ ಮಾತಾಡಬೇಡ. ಹೋಗಿ ಅನ್ನಕ್ಕಿಡು."

ಗೆರೆ ಅನ್ನಕ್ಕಿಟ್ಟಳು. ಅಕ್ಕಿ ಕುದಿಯುವುದನ್ನು ನೋಡುತ್ತ ನಿಂತವಳಿಗೆ ಅಜ್ಜನ ನೆನಪಾಯಿತು. ನೆರೆದವರ ಮುಂದೆ ಓದುವಾಗ ಎಲ್ಲಾದರೂ ಒಂದು ಪದ ತಪ್ಪಿದರೆ ಅಜ್ಜ ಸುಮ್ಮನೆ ಮುಂದಕ್ಕೆ ಹೋಗುತ್ತಿರಲಿಲ್ಲ. "ತಪ್ಪಿತು," ಎಂದು ಗಟ್ಟಿಯಾಗಿ ಹೇಳಿ, ಪದ್ಯವನ್ನು ಮೊದಲಿನಿಂದ ಎತ್ತಿಕೊಳ್ಳುತ್ತಿದ್ದರು. ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲ ಅಪ್ಪ, ಎಂದು ದೊಡ್ಡಮ್ಮ ಕೇಳಿದರೆ, ಕೇಳಿಸಿಕೊಂಡವನ ಕಿವಿಯಲ್ಲಿ ತಪ್ಪು ಉಳಿದುಬಿಡುತ್ತದಲ್ಲ ಮಗಳೇ, ಎನ್ನುತ್ತಿದ್ದರು.

ಮಾತ್ರೆ ಮುಗಿಯುವಷ್ಟರಲ್ಲಿ ಉರಿ ಇಳಿಯಿತು. ಕೊನೆ ನೀರನ್ನು ಅವಳು ಮತ್ತೆ ಮುಟ್ಟಿರಲಿಲ್ಲ. ಹಿಂದಿನ ಕಕ್ಕಸಿಗೇ ಹೋಗುತ್ತಿದ್ದಳು. ಒಳಗೆ ನಿಂತು ಒಂದು ಕೈಯಲ್ಲಿ ಬಾಗಿಲು ಹಿಡಿದು, ಹೊರಗೆ ಚಿಲಕದಲ್ಲಿ ನೇತಾಡುವ ದಾರದ ತುದಿಯನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮೈ ವಾಸಿಯಾದಷ್ಟೂ ಆ ದಾರ ಹೆಚ್ಚು ಚುಚ್ಚತೊಡಗಿತು. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ತಾನಾಗಿ ಒಂದು ಪದ್ಯ ನಾಲಿಗೆಗೆ ಬಂತು. ಪೂರ್ತಿ ಬಂತು. ಅಳುಕದೆ ಗಟ್ಟಿಯಾಗಿ ಹೇಳಿಕೊಂಡಳು. ಒಳಗಿಂದ ದೊಡ್ಡಮ್ಮ ಕೆಮ್ಮಿದ್ದು ಕೇಳಿಸಿತು.

ಅಂದು ಕಾರ್ಖಾನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ಹಿಂದಿನ ಸಂದಿಗೆ ಹೋದಳು. ದಾರವನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಮಡಿಸುವ ಕೋಣೆಗೆ ಬಂದು, ಎಲ್ಲರ ಕಣ್ಣೆದುರಿಗೆ, ತಂದಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಗಟಗಟನೆ ಅರ್ಧ ಕುಡಿದಳು.

"ಏಯ್, ಇವಳಿಗೇನಾಯ್ತೇ?" ಎಂದಳು ಗುಬ್ಬಿ.

"ಬಾಯಾರಿಕೆ ಆಯ್ತು."

"ಸಂಜೆವರೆಗೂ ಏನು ಮಾಡ್ತೀಯ?"

"ಹೋಗ್ತೀನಿ. ಕಾಲಿಲ್ವಾ?"

ಸ್ವಲ್ಪ ಹೊತ್ತಿಗೆ ಎದ್ದಳು. ಹೋದದ್ದು ಹಿಂದಕ್ಕಲ್ಲ, ಮುಂದಿನದಕ್ಕೆ. ಯಂತ್ರದ ಸದ್ದಿನ ನಡುವೆಯೂ ಕೋಣೆಯೆಲ್ಲ ಉಸಿರು ಬಿಗಿ ಹಿಡಿದದ್ದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಒಳಗೆ ಕೊನೆ ನೀರಿನ ಬಕೆಟ್ಟು ತುಂಬಿ ಕೂತಿತ್ತು. ಸೀಟನ್ನು ಕಾಗದದಿಂದ ಒರೆಸಿದಳು. ಕೂತಳು. ಜೀವನದಲ್ಲಿ ಮೊದಲ ಸಲ ಮೊಣಕಾಲು ನಡುಗಿಸದೆ, ಉಸಿರು ಬಿಟ್ಟು, ಮನೆಯ ಜಗಲಿಯ ಮೇಲೆ ಕೂತ ಹಾಗೆ ಕೂತಳು. ಎಷ್ಟು ಸುಖ! ಇಷ್ಟು ಸಣ್ಣ ಸುಖವನ್ನು ಇಷ್ಟು ವರ್ಷ ಯಾರ ಮಾತು ಕೇಳಿ ಬಿಟ್ಟುಕೊಟ್ಟಿದ್ದೆ ಎಂದು ನಗು ಬಂತು, ನಗುವಿನ ಬೆನ್ನಿಗೇ ಸಿಟ್ಟು ಬಂತು. ನಲ್ಲಿಯ ನೀರಿನಲ್ಲಿ ತೊಳೆದುಕೊಂಡು, ಒರೆಸಿಕೊಂಡು, ಕೈಗೆ ಸೋಪು ಹಚ್ಚಿ ತೊಳೆದಳು.

ಬಾಗಿಲು ತೆರೆದರೆ ಎದುರಿಗೆ ನಾಲ್ಕೈದು ಜನ.

"ಕೂತ್ಯಾ?" ಗುಬ್ಬಿಯ ದನಿ ಪಿಸುಗುಟ್ಟಿತು.

"ಕೂತೆ."

"ಪೂರ್ತಿ?"

"ಪೂರ್ತಿ. ಇನ್ನೂ ಬಿಸಿಯಾಗೇ ಇದೆ, ಹೋಗಿ ಮುಟ್ಟಿ ನೋಡು."

"ಥೂ, ನಾಚಿಕೆಗೆಟ್ಟೋಳೇ!" ಎಂದಳು ಹಿಂದಿದ್ದ ದಪ್ಪ ಹೆಂಗಸು. ಅವಳೇ ಮೊದಲ ದಿನ ಗಂಡನಿಲ್ಲದವಳ ಮಾತೆತ್ತಿದವಳು. "ನಿನ್ನ ರೋಗ ನಮಗೆಲ್ಲ ಹಂಚೋಕೆ ಬಂದ್ಯಾ?"

"ನನ್ನ ರೋಗ ಸೀಟಿಂದು ಅಲ್ಲ. ಯಾರ ಹಾಸಿಗೆದೂ ಅಲ್ಲ," ಎಂದಳು ಗೆರೆ. ದನಿ ಏರಿಸಲಿಲ್ಲ, ಅಜ್ಜ ಪದ್ಯಕ್ಕೆ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಒಮ್ಮೆ ಮಾತ್ರ ನಿಂತಳು. "ನಾನು ನೀರು ಕುಡೀತಿರಲಿಲ್ಲ. ನೀವೂ ಕುಡಿಯಲ್ಲ. ಆ ಬಕೆಟ್ಟಲ್ಲಿರೋದರಲ್ಲಿ ತೊಳ್ಕೋತಿದ್ದೆ. ನೀವೂ ತೊಳ್ಕೋತೀರಿ. ನನಗೆ ಉರೀತಿತ್ತು. ನಿಮಗೆ ಯಾರಿಗೂ ಉರಿಯಲ್ವಾ? ನನ್ನ ಮುಖ ನೋಡಿ ಹೇಳಿ."

ಯಾರೂ ಅವಳ ಮುಖ ನೋಡಲಿಲ್ಲ. ಒಬ್ಬಳು ನೆಲ ನೋಡಿದಳು, ಇನ್ನೊಬ್ಬಳು ಕನ್ನಡಿ ನೋಡಿದಳು. ಗುಬ್ಬಿ ಮಾತ್ರ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಕೊನೆಗೆ ಬಾಯೊಳಗಿನ ಬಿಸಿ ತುತ್ತು ಹೊರಗೆ ಬಂತು.

"ನಂಗೂ ಉರಿಯತ್ತೆ. ಬೆಂಕಿ ಹಾಗೆ. ಉರಿದ್ರೆ ಹುಳ ಸಾಯ್ತಿದೆ ಅಂತ ದೊಡ್ಡಮ್ಮ ಹೇಳಿದ್ರಲ್ಲ, ನನ್ನಲ್ಲೇ ಎಲ್ಲರಿಗಿಂತ ಜಾಸ್ತಿ ಹುಳ ಇದೆ ಅಂದ್ಕೊಂಡು ಸುಮ್ನಿದ್ದೆ."

ಯಾರೋ ಕಿಸಕ್ಕೆಂದರು. ದಪ್ಪ ಹೆಂಗಸಿಗೂ ತುಟಿ ಬಿಗಿ ಹಿಡಿಯಲಾಗಲಿಲ್ಲ. ನಗುತ್ತಲೇ ಒಬ್ಬಳು ತನಗೂ ಎಂದಳು, ಇನ್ನೊಬ್ಬಳು ತನ್ನ ತಂಗಿಗೂ ಎಂದಳು. ಅವಳ ತಂಗಿ ಸೇರಿ ಇನ್ನೂ ವಾರವೂ ಆಗಿರಲಿಲ್ಲ. ನಗು ಬಂದ ಹಾಗೇ ಇಂಗಿಹೋಯಿತು.

"ಆದ್ರೂ," ಎಂದಳು ದಪ್ಪ ಹೆಂಗಸು, "ದೊಡ್ಡಮ್ಮ ಸುಳ್ಳು ಹೇಳೋರಲ್ಲ. ನಿನ್ನ ಮಾತು ನಿಜ ಆದ್ರೆ ನಾಳೆ ಊಟದ ಹೊತ್ತಿಗೆ ಅವರ ಎದುರಿಗೇ ಹೇಳು. ಅವರು ಸೀಟು ಅಂದ್ರೆ ಸೀಟು. ನೀನು ಮತ್ತೆ ಹಿಂದಕ್ಕೇ ಹೋಗಬೇಕು. ಏನಂತೀಯ?"

"ಹೇಳ್ತೀನಿ," ಎಂದಳು ಗೆರೆ.

ಮರುದಿನ ಬೆಳಿಗ್ಗೆ ಅವಳು ಹಾಸುಬಟ್ಟೆಯ ಅಂಚು ಚಾಚಿದಾಗ ಎದುರಿನ ತುದಿಯನ್ನು ಗುಬ್ಬಿ ಹಿಡಿದುಕೊಂಡಳು. ಊಟದ ಗಂಟೆಗೆ ಸ್ವಲ್ಪ ಮೊದಲು ಒಗೆಯುವ ಕೋಣೆಯಿಂದ ಕರೆ ಬಂತು.

ಯಂತ್ರಗಳು ನಿಂತಿದ್ದವು. ನೆಲದ ಮೇಲೆ ನೀರು, ಗಾಳಿಯಲ್ಲಿ ಮೂಗು ಸುಡುವ ಮದ್ದಿನ ವಾಸನೆ. ನೀಲಿ ಡ್ರಮ್ಮಿನ ಪಕ್ಕದಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ದೊಡ್ಡಮ್ಮ ಕೂತಿದ್ದಳು. ರಬ್ಬರಿನ ಕೈಗವಸು ತೆಗೆದಿದ್ದಳು. ವರ್ಷಗಟ್ಟಲೆ ಕೊನೆ ನೀರು ಸೋಕಿ ಸುಲಿದ ಬೆರಳುಗಳು ಮಡಿಲಲ್ಲಿ ಬಿದ್ದಿದ್ದವು.

"ಕೂತ್ಕೋ."

ಗೆರೆ ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಕೂತಳು.

"ನಾನು ಹೊಸದಾಗಿ ಸೇರಿದಾಗ ನಂಗೊಬ್ಬಳು ಜೊತೆಗಾತಿ ಇದ್ಲು. ಒಂದೇ ಡಬ್ಬಿಲಿ ಉಣ್ತಿದ್ವಿ. ಕೆಂಪು ಗಂಟು ಬಿಚ್ಚುವಾಗ ಬಟ್ಟೆ ಮಡಿಕೇಲಿ ಸೂಜಿ ಇತ್ತು, ಚುಚ್ಕೊಂಡ್ಲು. ರಕ್ತ ಒರೆಸ್ಕೊಂಡು ಕೆಲಸ ಮಾಡಿದ್ಲು. ಆಮೇಲೆ ಬಾಡ್ತಾ ಬಾಡ್ತಾ ಹೋದ್ಲು. ಯಾರೂ ಸೂಜಿ ಅನ್ನಲಿಲ್ಲ. ಎಲ್ಲಾ ಸೀಟು ಅಂದ್ರು. ಅವಳು ಕೂತ ಸೀಟು, ಅವಳ ನಡತೆ, ಅವಳ ಮನೆತನ, ಬಾಯಿಗೆ ಬಂದದ್ದೆಲ್ಲ ಅಂದ್ರು. ಅವಳು ಹೋದ ಮೇಲೆ ನಾನು ಈ ಮಗ್ಗು ಶುರು ಮಾಡಿದ್ದು. ಇನ್ನೊಬ್ಬಳು ಹುಡುಗಿ ಹಾಗೆ ಹೋಗಬಾರದು ಅಂತ."

"ಗೊತ್ತಿರಲಿಲ್ಲ ದೊಡ್ಡಮ್ಮ."

"ಹೇಳೋ ಮಾತಾ ಅದು?" ದೊಡ್ಡಮ್ಮ ಡ್ರಮ್ಮಿನ ಅಂಚು ಸವರಿದಳು. "ನಂಗೂ ಉರಿಯತ್ತೆ ಕಣೆ. ಎಷ್ಟೋ ವರ್ಷದಿಂದ. ಉರಿ ಇಲ್ಲದ ದಿನ ಮೈ ಶುದ್ಧ ಆಗಿಲ್ಲ ಅನ್ನಿಸ್ತಿತ್ತು. ನೀನು ಡಾಕ್ಟರಮ್ಮನ ಮಾತು ಹೇಳಿದ ದಿನದಿಂದ ನಾನೂ ಬಿಟ್ಟಿದೀನಿ. ಕಮ್ಮಿ ಆಗ್ತಿದೆ."

ಗೆರೆ ತಲೆಯೆತ್ತಿ ನೋಡಿದಳು. ಬಿಟ್ಟಿದ್ದಾಳೆ. ಆದರೆ ನಿನ್ನೆಯೂ ಬಕೆಟ್ಟು ತುಂಬಿಸಿ ಇಟ್ಟಿದ್ದಾಳೆ.

"ಹಾಗಾದ್ರೆ ಅವರಿಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ?" ದೊಡ್ಡಮ್ಮನ ದನಿ ಒಡೆಯಿತು. "ಇಷ್ಟು ವರ್ಷ ನಿಮ್ಮ ಮೈಗೆ ವಿಷ ಹೊಯ್ದೋಳು ನಾನೇ ಅಂತಾನಾ? ಆ ಹುಡುಗೀರು ನನ್ನನ್ನ ದೊಡ್ಡಮ್ಮ ಅಂತ ಕರೀತಾರೆ. ಮೈಯಲ್ಲಿ ಹುಷಾರಿಲ್ಲ ಅಂದ್ರೆ ತಾಯಿ ಹತ್ರ ಹೋಗಲ್ಲ, ನನ್ನ ಹತ್ರ ಬರ್ತಾರೆ. ನಂಗೆ ಬೇರೆ ಏನಿದೆ ಹೇಳು? ನಾಳೆಯಿಂದ ಅವರ ಕಣ್ಣಲ್ಲಿ ನಾನು ಯಾರು?"

ಗೋಡೆಯಾಚೆ ಕುರ್ಚಿಗಳು ಸರಿಯುವ ಸದ್ದು. ಡಬ್ಬಿಗಳ ಮುಚ್ಚಳ ತೆರೆದವು. ಯಾರೋ ಗೆರೆಯ ಹೆಸರು ಕೂಗಿದರು.

ದೊಡ್ಡಮ್ಮ ಮುಂದಕ್ಕೆ ಬಾಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳೇ ಅವಳಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಒತ್ತಿದ್ದು, ಈ ಕಾರ್ಖಾನೆಯ ಬಾಗಿಲವರೆಗೆ ನಡೆಸಿಕೊಂಡು ಬಂದದ್ದು.

"ಕೇಳು ಮಗಳೇ. ಮದ್ದನ್ನ ನಾನು ನಿಧಾನಕ್ಕೆ ತೆಳು ಮಾಡ್ತಾ ಬರ್ತೀನಿ. ದಿನಾ ಸ್ವಲ್ಪ ಸ್ವಲ್ಪ. ಒಂದು ದಿನ ಬರೀ ನೀರಾಗತ್ತೆ, ಯಾರಿಗೂ ಗೊತ್ತೂ ಆಗಲ್ಲ, ಯಾರಿಗೂ ಉರಿಯೋದೂ ಇಲ್ಲ. ನಿಂಗೆ ಹಿಂದಿನದರ ಅಗುಳಿ ಸರಿ ಮಾಡಿಸಿ ಕೊಡ್ತೀನಿ. ಇವತ್ತು ಅವರ ಮುಂದೆ ಸೀಟು ಅನ್ನು. ಸೀಟಿಂದ ಬಂದಿತ್ತು, ಈಗ ವಾಸಿ ಆಯ್ತು ಅನ್ನು ಸಾಕು. ನಾನು ನಿನ್ನನ್ನ ಇಲ್ಲಿತನಕ ಏನಾದ್ರೂ ಕೇಳಿದೀನಾ? ಇದೊಂದು ನಡೆಸಿಕೊಡು."

ಇಲ್ಲವೆಂದರೆ ಈ ಮುಖ ಇನ್ನು ಮೊದಲಿನ ಹಾಗೆ ತನ್ನ ಕಡೆ ತಿರುಗಲಾರದು ಎಂದು ಗೆರೆಗೆ ಗೊತ್ತಿತ್ತು. ಹೌದೆಂದರೆ ಮದ್ದು ತೆಳುವಾಗುವವರೆಗೆ ಗುಬ್ಬಿ ಉರಿಯುತ್ತಾಳೆ, ಹೊಸದಾಗಿ ಸೇರಿದ ಆ ತಂಗಿ ಉರಿಯುತ್ತಾಳೆ; ಮದ್ದು ನೀರಾದ ಮೇಲೂ ಸೀಟಿನ ಭಯಕ್ಕೆ ಬಾಯಾರಿಕೊಂಡು ಗಾಳಿ ಕುರ್ಚಿ ಹಾಕುತ್ತಾರೆ; ನಾಳೆ ಇನ್ನೊಬ್ಬಳಿಗೆ ತುರಿಕೆ ಬಂದರೆ ಅವಳೂ ಕತ್ತಲ ಸಂದಿಗೆ. ತಾನಂತೂ ಬದುಕಿರುವಷ್ಟು ದಿನ ಸೀಟು ಕೆಡಿಸಿದವಳು. ಸುಲಿದ ಆ ಬೆರಳುಗಳನ್ನು ಅವಳು ಒಮ್ಮೆ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತಳು.

"ಆಗಲ್ಲ ದೊಡ್ಡಮ್ಮ," ಎಂದಳು. "ಸೀಟು ಅಂತ ನಾನು ಹೇಳಲ್ಲ."